ಅವರ ಕೈ ಕಲಿತ ಮನೆ

ನಮ್ಮ ಮನೆಯ ನಡೆ ಶ್ರಾವಣಕ್ಕೆ ನಿಂತುಹೋಗುತ್ತದೆ ಎಂದು ಡಂಗುರದವನು ಬೀದಿಯಲ್ಲಿ ಸಾರಿಕೊಂಡು ಹೋದಾಗ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದೆ. "ಹಳೇ ಪೇಟೆನಡೆ ಇರೋ ಮನೆಯೋರೆಲ್ಲ ಕೇಳ್ರಪ್ಪೋ, ಶ್ರಾವಣ ಹುಟ್ಟೋದ್ರೊಳಗೆ ಬೇರೆ ನಡೆ ಹಾಕಿಸ್ಕೊಳಿ, ಆಮ್ಯಾಕೆ ನಿಮ್ ಗೋಡೆ ನಿಮ್ ಮಾತು ಕೇಳಾಕಿಲ್ಲ" ಎಂದು ಅವನು ಕೂಗಿದ್ದು ಕೇಳಿ ನನ್ನ ಕೈ ಅಲ್ಲೇ ನಿಂತಿತು. ಕಾವಲಿಯ ಮೇಲಿದ್ದ ರೊಟ್ಟಿ ಸೀದು ಕರಕಲಾಯಿತು. ನಾನು ಅದನ್ನು ತೆಗೆಯುವುದನ್ನೂ ಮರೆತು ಪಡಸಾಲೆಯಲ್ಲಿ ಕೂತಿದ್ದ ನಮ್ಮ ಯಜಮಾನರ ಮುಖ ನೋಡಿದೆ. ಅವರು ಗೋಡೆಗೆ ಒರಗಿಕೊಂಡು ಬಿಸಿಲು ಕಾಯುತ್ತಿದ್ದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ.

ನಮ್ಮೂರಲ್ಲಿ ಮನೆಗೊಂದು ನಡೆ. ಬಾಗಿಲು ತೆಗೆಯುವುದು, ನೀರು ಬಿಡುವುದು, ದೀಪ ಹೊತ್ತಿಸುವುದು ಎಲ್ಲ ಮನೆಯೇ. ನಾವು ಕೇಳಬೇಕು, ಅದು ಮಾಡಬೇಕು. ಹೇಗೆ ಕೇಳಬೇಕು ಎನ್ನುವುದು ಆಯಾ ಮನೆಯ ನಡೆ. ನಮ್ಮದು ಹಳೇ ಪೇಟೆನಡೆ. ಪ್ರತಿ ಕೋಣೆಯ ಬಾಗಿಲ ಪಕ್ಕದಲ್ಲೊಂದು ಮರದ ಹಲಗೆ. ಎಡಗಡೆಯ ಕೆಳಮೂಲೆಯಲ್ಲಿ ಬೆರಳ ಗೆಣ್ಣಿನಿಂದ ತಟ್ಟಿದರೆ ದೀಪ, ಬಲಮೂಲೆಯಲ್ಲಿ ತಟ್ಟಿದರೆ ನೀರು, ನಡುವೆ ತಟ್ಟಿದರೆ ಬಾಗಿಲು. ಅತ್ತೆಯ ಕಾಲದಿಂದ ಇದ್ದದ್ದು ಇದೇ. ಮದುವೆಯಾಗಿ ಬಂದ ಹೊಸತರಲ್ಲಿ ಎರಡು ದಿನ ತಡಕಾಡಿದ್ದೆ, ಆಮೇಲೆ ಕೈಗೇ ಗೊತ್ತಾಗಿಬಿಟ್ಟಿತು.

ಕೈಗೆ ಗೊತ್ತಿರುವುದು ಅಂದೆನಲ್ಲ, ನಮ್ಮವರಿಗೆ ಈಗ ಉಳಿದಿರುವುದು ಅದೊಂದೇ. ಮರಿಬಸಪ್ಪನವರ ಹುರಿಗಡಲೆ ಭಟ್ಟಿ ಎಂದರೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಭಟ್ಟಿಯ ಮುಂದೆ ನಿಂತು ಗಿರಾಕಿಗಳನ್ನು ರೇಗಿಸುತ್ತಾ, ಮಕ್ಕಳ ಜೇಬಿಗೆ ಒಂದು ಹಿಡಿ ಬಿಸಿ ಕಡಲೆ ಸುರಿಯುತ್ತಾ ಇದ್ದ ಮನುಷ್ಯ ಹೋದ ವರ್ಷ ಅಲ್ಲೇ ಕುಸಿದುಬಿಟ್ಟರು. ಲಕ್ವ. ಬಲಗೈ ಬಲಗಾಲು ಬಿದ್ದುಹೋದವು. ಕಾಲು ಎಳೆದುಕೊಂಡು ನಡೆಯುತ್ತಾರೆ, ಆದರೆ ಅದಕ್ಕೆ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಮಾತು ಪೂರ್ತಿ ಹೋಯಿತು. ನಾವು ಆಡಿದ್ದೂ ಅರ್ಧಕ್ಕರ್ಧ ಒಳಗೆ ಇಳಿಯುವುದಿಲ್ಲ. ನನ್ನ ಹೆಸರು ಗಂಗಾಂಬಿಕೆ ಎನ್ನುವುದು ಅವರಿಗೆ ನೆನಪಿದೆಯೋ ಇಲ್ಲವೋ, ಕೇಳಲು ನನಗೆ ಧೈರ್ಯವಿಲ್ಲ. ಆದರೆ ಬಾಯಾರಿದಾಗ ಎಡಗೈ ತಾನಾಗಿ ಹಲಗೆಯ ಬಲಮೂಲೆಗೆ ಹೋಗುತ್ತದೆ. ಕತ್ತಲಾದರೆ ಎಡಮೂಲೆಗೆ ಹೋಗುತ್ತದೆ. ಅಷ್ಟು ಸಾಕು ನನಗೆ, ಅಷ್ಟರಲ್ಲಿ ಸಂಸಾರ ಸಾಗುತ್ತಿತ್ತು.

ಈಗ ಅದಕ್ಕೂ ಕುತ್ತು. ಹೊಸ ನಡೆ ಹಾಕಿಸಿದ ಮನೆಗೆ ಪರೀಕ್ಷಕರು ಬರುತ್ತಾರೆ. ಮನೆಯಲ್ಲಿರುವ ಒಬ್ಬೊಬ್ಬರೂ ಒಂಟಿಯಾಗಿ ಬಾಗಿಲು ತೆರೆಸಬೇಕು, ದೀಪ ಹತ್ತಿಸಬೇಕು, ನೀರು ಕುಡಿದು ತೋರಿಸಬೇಕು. ಯಾರ ಮಾತನ್ನು ಮನೆ ಕೇಳುವುದಿಲ್ಲವೋ ಅವರು ಆ ಮನೆಯವರಲ್ಲ. ಅವರನ್ನು ಅವತ್ತೇ ಗಾಡಿಯಲ್ಲಿ ಕೂರಿಸಿ, ಮನೆಯಿಲ್ಲದವರನ್ನು ಇಡುವ ಛತ್ರಕ್ಕೆ ಕಳಿಸುತ್ತಾರೆ. ಎದುರು ಮನೆಯ ಸಾವಂತ್ರಮ್ಮ ಹಾಗೇ ಹೋದದ್ದು. ಒಂದು ಸಲ ಕೋಡುಬಳೆ ಮಾಡಿಕೊಂಡು ನೋಡಲು ಹೋಗಿದ್ದೆ. ಅಲ್ಲಿ ನೀರು ಕೇಳುವಂತಿಲ್ಲ, ಅವರೇ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ. ಬಿಸಿಲಿನಲ್ಲಿ ಬಂದ ನಾನು "ಒಂದ್ ಲೋಟ ನೀರು ಸಿಗ್ತದೇನೇ?" ಎಂದರೆ ಸಾವಂತ್ರಮ್ಮ ಗಾಬರಿಯಿಂದ ಸುತ್ತಮುತ್ತ ನೋಡಿ, "ಶ್ಶ್! ಹಂಗೆಲ್ಲ ಕೇಳ್ಬಾರ್ದು ಕಣೆ" ಎಂದಳು. ಬೀದಿ ನಲ್ಲಿಯಲ್ಲಿ ಜಗಳ ಗೆದ್ದು ಕೊಡ ಮುಂದಿಡುತ್ತಿದ್ದ ಹೆಂಗಸು! ಮನೆಗೆ ಬಂದ ಮೇಲೂ ನನಗೆ ಊಟ ಸೇರಲಿಲ್ಲ.

ಇರುವುದು ಮೂರು ನಡೆ. ಹೊಸ ಪೇಟೆನಡೆ, ಮೇಲ್ಕೇರಿ ನಡೆ, ಕೂಟದ ನಡೆ. ಜನ ಸಿಕ್ಕಸಿಕ್ಕಲ್ಲಿ ಇದೇ ಚರ್ಚೆ. ಒಬ್ಬರಿಗೆ ಒಂದು ಚೆಂದ, ಇನ್ನೊಬ್ಬರಿಗೆ ಅದರ ಹೆಸರೆತ್ತಿದರೆ ಮೈಯೆಲ್ಲ ಉರಿ. ಸಂಬಂಧ ಕೇಳಲು ಹೋದವರೂ ಹುಡುಗಿಯ ಬಣ್ಣಕ್ಕಿಂತ ಮೊದಲು ಮನೆಯ ನಡೆ ವಿಚಾರಿಸುತ್ತಾರೆ. ನನಗೆ ಆ ಚಂದ ಈ ಅಂದ ಯಾವುದೂ ಬೇಕಿರಲಿಲ್ಲ. ಯಾವ ಮನೆ ನಮ್ಮವರ ಎಡಗೈ ಮಾತು ಕೇಳುತ್ತದೆ, ಅದಷ್ಟೇ ನನ್ನ ಪ್ರಶ್ನೆ.

ಮೊದಲು ಹೊಸ ಪೇಟೆನಡೆ ನೋಡೋಣ ಎಂದುಕೊಂಡೆ. ಹೆಸರು ಅದೇ ತಾನೆ, ಅಕ್ಕ ಹೋದರೆ ತಂಗಿ ಬಂದಂತೆ ಇರುತ್ತದೆ ಎಂದು ನನ್ನ ಲೆಕ್ಕ. ಪೇಟೆಯವರು ಮಾದರಿ ಮನೆಯೊಂದನ್ನು ಕಟ್ಟಿ ಜನ ನೋಡಲಿ ಎಂದು ಬಿಟ್ಟಿದ್ದರು. ಇವರನ್ನು ಕೈಹಿಡಿದು ಕರೆದುಕೊಂಡು ಹೋದೆ. ಹಲಗೆ ಕಂಡದ್ದೇ ಇವರ ಮುಖ ಅರಳಿತು. ಎಡಮೂಲೆಗೆ ತಟ್ಟಿದರು. ಏನೂ ಆಗಲಿಲ್ಲ. ಮತ್ತೆ ತಟ್ಟಿದರು. ಅಲ್ಲಿದ್ದ ಹುಡುಗಿ ನಗುತ್ತಾ, "ಅಜ್ಜೀ, ದೀಪ ಈಗ ನಡುವಿಗೆ ಬಂದಿದೆ, ಮೂಲೇಲಿ ಏನೂ ಇಲ್ಲ" ಎಂದಳು. "ಯಾಕಮ್ಮಾ, ಮೂಲೇಲಿದ್ದಿದ್ದಕ್ಕೆ ಏನ್ ರೋಗ ಬಂದಿತ್ತು?" ಎಂದೆ. ಅವಳಿಗೂ ಗೊತ್ತಿರಲಿಲ್ಲ. ನೀರು ಕೇಳಿದರೆ ಗೋಡೆ ಮೊದಲು ನಿಂಬೆ ಶರಬತ್ತು ಬೇಕೇ, ಹೊಸ ಪರದೆ ಬೇಕೇ, ಪಕ್ಕದ ಮನೆಯವರು ಏನು ಕುಡಿದರು ತಿಳಿಯಬೇಕೇ ಎಂದೆಲ್ಲ ವಿಚಾರಿಸಿತು. ಇವರು ಬೆದರಿ ನನ್ನ ಸೆರಗು ಹಿಡಿದುಕೊಂಡರು.

ಹೊರಡೋಣ ಎಂದು ತಿರುಗುವಷ್ಟರಲ್ಲಿ, ಮನೆ ತನ್ನನ್ನು ತಾನು ಸರಿಮಾಡಿಕೊಳ್ಳುತ್ತಿದೆ, ದಯವಿಟ್ಟು ಕಾಯಿರಿ ಎಂದು ಗೋಡೆಯೇ ಹೇಳಿ ಬಾಗಿಲು ಮುಚ್ಚಿಕೊಂಡಿತು. ಹುಡುಗಿ ಸಮಾಧಾನವಾಗಿ ಕೂತು ಉಗುರಿನ ಬಣ್ಣ ನೋಡಿಕೊಳ್ಳತೊಡಗಿದಳು. ಎಷ್ಟು ಹೊತ್ತು ಎಂದು ಕೇಳಿದರೆ, ಅದು ಮನೆಗೇ ಗೊತ್ತು ಎಂದಳು. ಹೊಸ ಪೇಟೆನಡೆಯವರೆಲ್ಲ ಹೀಗೇ, ಜಗುಲಿಯ ಮೇಲೊಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೌವ್ ಇಟ್ಟುಕೊಂಡೇ ಬದುಕುತ್ತಾರಂತೆ. ನಾವು ಒಳಗೆ ಸಿಕ್ಕಿಬಿದ್ದಿದ್ದೆವು. ಬಾಗಿಲು ತೆರೆಯುವ ಹೊತ್ತಿಗೆ ಇವರ ಪಂಚೆ ಒದ್ದೆಯಾಗಿತ್ತು. ನನ್ನ ಶಾಲು ಬಿಚ್ಚಿ ಅವರ ಸೊಂಟಕ್ಕೆ ಸುತ್ತಿ, ಯಾರ ಮುಖವನ್ನೂ ನೋಡದೆ ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಅವರು ತಲೆ ಎತ್ತಲಿಲ್ಲ. ಅರ್ಥವಾಗುವುದಿಲ್ಲ ಎನ್ನುತ್ತೇವಲ್ಲ, ನಾಚಿಕೆ ಅರ್ಥವಾಗುತ್ತದೆ.

ಮೇಲ್ಕೇರಿ ನಡೆ ನನ್ನ ನಾದಿನಿ ವಿಶಾಲಾಕ್ಷಿಯ ಮನೆಯಲ್ಲಿದೆ. ಅವಳು ಅದನ್ನು ಹಾಕಿಸಿದಾಗಿನಿಂದ ನಡೆಯುವ ಗತ್ತೇ ಬೇರೆಯಾಗಿದೆ. "ನಮ್ಮಲ್ಲಿ ಮನೆ ಯಾವತ್ತೂ ನಿಲ್ಲಲ್ಲ ಅತ್ತಿಗೆ, ಹತ್ತು ವರ್ಷ ಆದ್ರೂ ಹೊಸದ್ರಂಗೇ ಇರುತ್ತೆ" ಎಂದು ಬಾಗಿಲಲ್ಲೇ ಶುರುಮಾಡಿದಳು. ಮನೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ತಂಪಾಗಿತ್ತು, ಸದ್ದಿಲ್ಲ, ಎಲ್ಲೂ ಒಂದು ಗೆರೆಯಿಲ್ಲ. ಹಲಗೆಯೂ ಇಲ್ಲ. ಬರೀ ಗೋಡೆಯನ್ನು ಎರಡು ಬೆರಳಿಂದ ಸವರಬೇಕು, ಕರುವಿನ ಕೊರಳಡಿಯ ಗಂಗೆದೊಗಲು ಸವರಿದ ಹಾಗೆ. ಮೇಲಕ್ಕೆ ಸವರಿದರೆ ಒಂದು, ಪಕ್ಕಕ್ಕೆ ಸವರಿದರೆ ಇನ್ನೊಂದು. ನಾನು ದಾರಿಗೆಂದು ತಂದಿದ್ದ ಹಿತ್ತಾಳೆ ಚೊಂಬು ಹಿಡಿದರೆ ನೀರು ಬೀಳಲೇ ಇಲ್ಲ. ಮೇಲ್ಕೇರಿಯವರೇ ಮಾರುವ ಚೊಂಬಿಗೆ ಮಾತ್ರ ಬೀಳುತ್ತದಂತೆ.

"ಅಂದ್ರೆ ನಮ್ಮತ್ತೆ ಕೊಟ್ಟ ಪಾತ್ರೆಗಳನ್ನೆಲ್ಲ ಏನು, ತಿಪ್ಪೆಗೆ ಹಾಕ್ಬೇಕಾ?" ಎಂದೆ.

"ಹಂಗ್ಯಾಕ್ ಅಂತೀರಿ? ಒಂದ್ಸಲ ಕೊಂಡುಬಿಟ್ರೆ ಆಯ್ತು."

ನಾವು ಹೀಗೆ ಮಾತಾಡುತ್ತಿದ್ದಾಗ ಇವರು ಕೋಣೆಯ ತುಂಬ ಹಲಗೆ ಹುಡುಕುತ್ತಿದ್ದರು. ಬಾಗಿಲ ಪಕ್ಕದಲ್ಲಿ ಇಲ್ಲ ಎಂದು ಕಿಟಕಿಯ ಪಕ್ಕಕ್ಕೆ ಹೋದರು, ಅಲ್ಲಿಂದ ಮೂಲೆಗೆ. ಎಡಗೈಯನ್ನು ಗೋಡೆಗೆ ಒತ್ತಿಕೊಂಡು ಸುತ್ತು ಬರುತ್ತಲೇ ಇದ್ದರು. ಅವರ ಅಂಗೈ ಸವರಿದಲ್ಲೆಲ್ಲ ದೀಪ ಹತ್ತುತ್ತಿತ್ತು, ಆರುತ್ತಿತ್ತು, ಎಲ್ಲೋ ನೀರು ಸುರಿಯುತ್ತಿತ್ತು, ಬಾಗಿಲು ತೆರೆದು ಮುಚ್ಚುತ್ತಿತ್ತು. ಅವರ ಉಸಿರು ಜೋರಾಗತೊಡಗಿತು. ನಾನು ಓಡಿಹೋಗಿ ಅಪ್ಪಿ ಹಿಡಿದುಕೊಂಡೆ. ವಿಶಾಲಾಕ್ಷಿ ನನ್ನನ್ನು ಪಕ್ಕಕ್ಕೆ ಕರೆದು, "ಅತ್ತಿಗೆ, ನಾನು ಹೇಳ್ತೀನಿ ಅಂತ ಬೇಜಾರಾಗ್ಬೇಡಿ. ಛತ್ರಾನೂ ಅಂಥಾ ಕೆಟ್ಟದ್ದೇನಲ್ಲ. ನಿಮಗೂ ವಯಸ್ಸಾಯ್ತು" ಎಂದಳು.

"ನಿಮ್ಮಣ್ಣ ಕಣೇ ಅವರು!" ಎಂದೆ. ಅವಳು ಅಳತೊಡಗಿದಳು. ನನಗೆ ಅವಳನ್ನು ಸಮಾಧಾನ ಮಾಡುವ ವ್ಯವಧಾನವಿರಲಿಲ್ಲ, ಇವರನ್ನು ಕರೆದುಕೊಂಡು ಹೊರಟುಬಿಟ್ಟೆ.

ಉಳಿದದ್ದು ಕೂಟದ ನಡೆ. ಅದಕ್ಕೆ ಕಾಸು ಕೊಡಬೇಕಿಲ್ಲ, ಒಡೆಯರೂ ಇಲ್ಲ. ಊರಿನ ಒಂದಷ್ಟು ಜನ ಸೇರಿ ತಾವೇ ಕಟ್ಟಿಕೊಂಡು ತಾವೇ ತಿದ್ದಿಕೊಳ್ಳುವ ನಡೆ. ಅವರ ಮನೆಗಳ ಬಗ್ಗೆ ಊರಲ್ಲಿ ತಮಾಷೆ ಮಾಡುತ್ತಾರೆ, ನೀರು ಕುಡಿಯುವ ಮುಂಚೆ ಗೋಡೆಯ ಜೊತೆ ಅರ್ಧ ಗಂಟೆ ವಾದ ಮಾಡಬೇಕು ಎಂದು. ನನಗೂ ಅದರ ಬಗ್ಗೆ ಒಳ್ಳೇ ಅಭಿಪ್ರಾಯವಿರಲಿಲ್ಲ. ಆದರೆ ಶ್ರಾವಣ ಹತ್ತಿರ ಬರುತ್ತಿತ್ತು. ಕೂಟದವರಲ್ಲಿ ನನಗೆ ಗೊತ್ತಿದ್ದವರು ಖುದ್ದೂಸ್ ಸಾಹೇಬರೊಬ್ಬರೇ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು, ನಮ್ಮವರ ಹಳೇ ಗಿರಾಕಿ. ಹೇಳಿಕಳಿಸಿದೆ.

ಅವರು ಇನ್ನಿಬ್ಬರನ್ನು ಕಟ್ಟಿಕೊಂಡು ಬಂದರು. ಬಂದವರೇ ನಮ್ಮ ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೆ ತೆರೆಯಬೇಕೋ ಎಂದು ಆ ಇಬ್ಬರೂ ಜಗಳಕ್ಕೆ ನಿಂತರು. ಒಬ್ಬ ಇನ್ನೊಬ್ಬನ ವಂಶವನ್ನೇ ಎತ್ತಿ ಆಡಿದ. ಸಾಹೇಬರು ಅವರ ಗೋಜಿಗೆ ಹೋಗದೆ ಇವರ ಪಕ್ಕದಲ್ಲಿ ಕೂತು, ಇವರು ಹಲಗೆ ತಟ್ಟುವುದನ್ನೇ ನೋಡಿದರು. ಕಣ್ಣು ಮುಚ್ಚಿ ಕೇಳಿದರು. ಇವರದು ಒಂಥರಾ ತಟ್ಟು. ಒಂದು ಸಲ ಮೆಲ್ಲಗೆ, ಆಮೇಲೆ ಒಂದು ಉಸಿರಿನಷ್ಟು ಬಿಡುವು, ಆಮೇಲೆ ಗೆಣ್ಣು ಹಲಗೆಯ ಮೇಲೆ ಸ್ವಲ್ಪ ಜಾರುತ್ತದೆ.

"ಅಮ್ಮಾ, ಹಲಗೆ ಇಲ್ಲೇ ಇರ್ಲಿ, ಮೂಲೆಗಳೂ ಹಿಂಗೇ ಇರ್ಲಿ. ಒಳಗಿನ ನಡೆ ಮಾತ್ರ ಬೇರೆ ಮಾಡೋಣ. ಮರಿಬಸಪ್ಪನೋರು ಏನೂ ಕಲಿಯೋದು ಬ್ಯಾಡ. ಅವರ ಕೈನ ಮನೇಗೇ ಕಲಿಸಿಬಿಡೋಣ" ಎಂದರು.

ನನಗೆ ಅಲ್ಲೇ ಅವರ ಕಾಲು ಹಿಡಿಯಬೇಕು ಎನಿಸಿತು. ಇಷ್ಟು ದಿನ ಎಲ್ಲರೂ ಇವರನ್ನೇ ತಿದ್ದಲು ನೋಡಿದ್ದರು. ಹಗಲೆಲ್ಲ ಕೂತು ಸಾಹೇಬರು ಮನೆಗೆ ಇವರ ಕೈ ಕಲಿಸಿದರು. ಮೊದಮೊದಲು ಮನೆ ನೀರಿಗೆ ದೀಪ ಕೊಟ್ಟಿತು, ದೀಪಕ್ಕೆ ಬಾಗಿಲು ತೆರೆಯಿತು. ಸಂಜೆಗೆ ಸರಿಹೋಯಿತು. ಇವರು ಬಲಮೂಲೆಗೆ ತಟ್ಟಿ, ನೀರು ಬಂದಾಗ, ಗಟಗಟ ಕುಡಿದು, ಏನೂ ವಿಶೇಷ ನಡೆದೇ ಇಲ್ಲ ಎನ್ನುವಂತೆ ಬಾಯಿ ಒರೆಸಿಕೊಂಡರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಹೊರಡುವಾಗ ಸಾಹೇಬರು, "ನಿಮ್ಮ ಕೈನೂ ಕಲಿಸಿಬಿಡ್ಲಾ?" ಎಂದು ಕೇಳಿದರು.

"ಅದರಿಂದ ಇವರದಕ್ಕೆ ಏನಾದ್ರೂ ತೊಂದರೆ ಆಗ್ತದಾ?"

"ಎರಡು ಕೈ ಅಂದ್ರೆ ಶುರುನಲ್ಲಿ ಒಂದೊಂದ್ಸಲ ಗಲಿಬಿಲಿ ಮಾಡ್ಕೋತದೆ. ಬರ್ತಾ ಬರ್ತಾ ಸರಿ ಹೋಗ್ತದೆ."

"ಹಂಗಾದ್ರೆ ಈಗ ಬ್ಯಾಡವೇ ಬ್ಯಾಡ" ಎಂದೆ. "ಮೊದ್ಲು ಇವರದು ಗಟ್ಟಿಯಾಗ್ಲಿ. ನನಗೇನು, ಕೈಕಾಲು ನೆಟ್ಟಗಿರೋಳು, ಯಾವಾಗ ಬೇಕಾದ್ರೂ ಕಲಿಸ್ಬಹುದು."

"ಪರೀಕ್ಷೆಗೆ ಮುಂಚೆ ಒಂದ್ಸಲ ಹೇಳಿಕಳಿಸಿ ಹಂಗಾದ್ರೆ" ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು.

ಅಲ್ಲಿಂದ ಪರೀಕ್ಷೆಯವರೆಗೆ ನನಗೆ ಇವರನ್ನು ತಯಾರು ಮಾಡುವುದೇ ಕೆಲಸವಾಯಿತು. ತರಕಾರಿಗೆ ಹೋಗಬೇಕಾದರೂ ಇವರನ್ನೇ ಮುಂದೆ ಬಿಟ್ಟು ಬಾಗಿಲು ತೆರೆಸುತ್ತಿದ್ದೆ. ಅನ್ನಕ್ಕೆ ನೀರು ಇವರ ಕೈಯಿಂದಲೇ. ಸಂಜೆ ದೀಪ ಇವರ ಕೈಯಿಂದಲೇ. ಒಂದು ಸಲ ತಪ್ಪಿದರೆ ಮತ್ತೆ ತಟ್ಟಿಸುತ್ತಿದ್ದೆ. ಇವರು ಸುಸ್ತಾಗಿ ಕೂತರೂ ಬಿಡುತ್ತಿರಲಿಲ್ಲ. ಕನಸಿನಲ್ಲೂ ಗಾಡಿಯ ಗಾಲಿಯ ಸದ್ದು ಕೇಳಿ ಬೆಚ್ಚಿ ಎದ್ದು ಇವರ ಮೈಮುಟ್ಟಿ ನೋಡುತ್ತಿದ್ದೆ. ನನ್ನ ಕೈ ಹಲಗೆಯ ಮೇಲೆ ಒಂದು ಸಲವೂ ಬೀಳಲಿಲ್ಲ. ನನಗೆ ಅದು ನೆನಪೇ ಆಗಲಿಲ್ಲ, ಅಯ್ಯೋ ಶಿವನೇ, ನೆನಪೇ ಆಗಲಿಲ್ಲ.

ಪರೀಕ್ಷಕರ ಹೆಸರು ಪದ್ಮರಾಜಯ್ಯ. ಇನ್ನೂ ಎಳೆ ವಯಸ್ಸು, ಮಾತಿಗೆ ಮುಂಚೆ ಕೈಮುಗಿಯುವ ಮನುಷ್ಯ. ಗಾಡಿಯನ್ನು ಬೀದಿಯ ತಿರುವಿನಲ್ಲೇ ನಿಲ್ಲಿಸಿ ಬಂದಿದ್ದರು, ಕಣ್ಣಿಗೆ ಬೀಳದಿರಲಿ ಎಂದು. ನನಗೆ ಕಂಡಿತು. ಇವರನ್ನು ಹೊರಗೆ ನಿಲ್ಲಿಸಿ ಬಾಗಿಲು ಮುಚ್ಚಿಸಿದರು. ಇವರು ನನ್ನ ಕಡೆ ನೋಡಿದರು, ಹೊರಗಿನ ಹಲಗೆಯ ಕಡೆ ನೋಡಿದರು. ಎಡಗೈ ಎದ್ದಿತು. ಒಂದು ತಟ್ಟು, ಒಂದು ಉಸಿರು, ಒಂದು ಜಾರು. ಬಾಗಿಲು ತೆರೆಯಿತು. ಒಳಗೆ ಹೋದರು. ದೀಪ ಹೊತ್ತಿತು. ನೀರು ಬಿದ್ದ ಸದ್ದು ಕೇಳಿತು. ಬಾಗಿಲು ಮತ್ತೆ ತೆರೆದು, ಗಲ್ಲದ ಮೇಲೆ ನೀರು ಸುರಿಸಿಕೊಂಡು ಇವರು ಹೊರಗೆ ಬಂದರು. ಪದ್ಮರಾಜಯ್ಯನವರ ಮುಖವೂ ಹಗುರವಾಯಿತು. "ಸೊಗಸಾಗಿ ಮಾಡಿದ್ರಿ ಯಜಮಾನ್ರೇ" ಎಂದರು. ನಾನು ಜಗುಲಿಯ ಕಂಬಕ್ಕೆ ತಲೆ ಆನಿಸಿ ನಿಂತುಬಿಟ್ಟೆ. ಗೆದ್ದೆವು ಎಂದುಕೊಂಡೆ.

"ಈಗ ನೀವು ಬನ್ನಿ ಅಮ್ಮ."

"ನಾನಾ?" ಎಂದು ನಕ್ಕೆ. ನಗುತ್ತಲೇ ಹಲಗೆಯ ನಡುವೆ ತಟ್ಟಿದೆ.

ಬಾಗಿಲು ಮುಚ್ಚೇ ಇತ್ತು. ನಗು ಅಲ್ಲೇ ಹೆಪ್ಪುಗಟ್ಟಿತು. ಆಮೇಲೆ ಅರ್ಥವಾಯಿತು, ಈ ಮನೆಗೆ ನನ್ನ ಕೈ ಕಲಿಸಿರಲೇ ಇಲ್ಲ. ಎಡಗೈಯಿಂದ ತಟ್ಟಿದೆ, ಇವರ ಹಾಗೇ, ಒಂದು ತಟ್ಟು, ಒಂದು ಉಸಿರು, ಒಂದು ಜಾರು. ಇವರಿಗೆ ಸಾವಿರ ಸಲ ಮಾಡಿಸಿದವಳು ನಾನು. ಆದರೆ ನನ್ನ ಬಿಡುವು ಇವರ ಉಸಿರಿನಷ್ಟಿರಲಿಲ್ಲ, ಜಾರು ಇವರ ಗೆಣ್ಣಿನದಾಗಿರಲಿಲ್ಲ. ಮನೆ ನನ್ನನ್ನು ಕೇಳಿಸಿಕೊಳ್ಳಲೇ ಇಲ್ಲ. ನಲವತ್ತು ವರ್ಷ ಗುಡಿಸಿ ಸಾರಿಸಿದ ಮನೆ! "ಖುದ್ದೂಸ್ ಸಾಹೇಬರನ್ನ ಕರೆಸಿ, ಒಂದೇ ಒಂದು ಗಳಿಗೆ" ಎಂದು ಅಂಗಲಾಚಿದೆ. ಪದ್ಮರಾಜಯ್ಯನವರು ತಲೆತಗ್ಗಿಸಿ, "ಪರೀಕ್ಷೆ ಶುರುವಾದ ಮನೆಗೆ ಬರೋ ವರ್ಷದ ಶ್ರಾವಣದವರೆಗೂ ಹೊಸ ಕೈ ಕಲಿಸೋ ಹಾಗಿಲ್ಲ ಅಮ್ಮ. ಇನ್ನೊಂದ್ಸಲ ತಟ್ಟಿ. ನಿಧಾನವಾಗಿ ತಟ್ಟಿ" ಎಂದರು. ತಟ್ಟಿದೆ. ಏನೂ ಆಗಲಿಲ್ಲ. ಅವರು ತಿರುವಿನ ಕಡೆ ಕೈ ಎತ್ತಿದರು. ಗಾಡಿ ಹೊರಟ ಸದ್ದು ಕೇಳಿತು.

ನನಗೆ ಛತ್ರದ ಚಿಂತೆ ಬರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಇವರಿಗೆ ಊಟ ಕಲಸಿಕೊಡುವವರು ಯಾರು, ಗುಂಡಿ ಹಾಕುವವರು ಯಾರು ಎನ್ನುವುದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. "ಇವರೊಬ್ಬರೇ ಇರೋಕಾಗಲ್ಲ ಸ್ವಾಮೀ" ಎಂದೆ. "ಮನೆ ಅವರ ಮಾತು ಕೇಳ್ತದಲ್ಲಮ್ಮ" ಎಂದರು ಪದ್ಮರಾಜಯ್ಯ. ಅದನ್ನು ಅವರು ಸಮಾಧಾನಕ್ಕೆಂದೇ ಹೇಳಿದರು.

ಜಗುಲಿಯ ಮೇಲೆ ಕೂತಿದ್ದ ಇವರು ಅಷ್ಟರಲ್ಲಿ ಎದ್ದರು. ಕಾಲೆಳೆದುಕೊಂಡು ಬಂದು ನನ್ನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಹಲಗೆ ತಟ್ಟಿದರು. ಬಾಗಿಲು ತೆರೆಯಿತು. "ಒಬ್ಬರ ಬಾಗಿಲು ಇನ್ನೊಬ್ಬರಿಗೆ ಲೆಕ್ಕಕ್ಕಿಲ್ಲ ಯಜಮಾನ್ರೇ" ಎಂದು ಪದ್ಮರಾಜಯ್ಯ ನನ್ನ ಮುಂದೆ ಅಡ್ಡ ಕೈ ಹಿಡಿದರು. ಇವರು ಹೊಸ್ತಿಲು ದಾಟಿದರು, ತಿರುಗಿ ನಿಂತರು, ಬಲಗಾಲನ್ನು ಎಡಗೈಯಿಂದ ಎತ್ತಿ ಹೊಸ್ತಿಲ ಮೇಲೆ ಅಡ್ಡ ಇಟ್ಟರು. ಬಾಗಿಲು ಮುಚ್ಚಿಕೊಳ್ಳಲು ಬಂತು. ಕಾಲಿಗೆ ಬಡಿದು ಹಿಂದೆ ಹೋಯಿತು. ಮತ್ತೆ ಬಂದು ಬಡಿಯಿತು.

"ಕಾಲು ತೆಗೀರಿ ಅಂತ ಹೇಳಮ್ಮಾ!" ಎಂದು ಪದ್ಮರಾಜಯ್ಯ ಕೂಗಿದರು. "ರೀ, ಕಾಲು! ಕಾಲು ತೆಗೀರಿ!" ಎಂದು ನಾನು ಚೀರಿದೆ. ಇವರಿಗೆ ನೋವು ತಿಳಿಯುವುದಿಲ್ಲ. ಬಾಗಿಲಿಗೂ ತಿಳಿಯುವುದಿಲ್ಲ. ಮೂರನೆಯ ಪೆಟ್ಟಿಗೆ ಚರ್ಮ ಕಿತ್ತು ರಕ್ತ ಜಿನುಗಿತು. ಇವರು ಅದನ್ನು ನೋಡಲೂ ಇಲ್ಲ. ನನ್ನನ್ನೇ ನೋಡುತ್ತಿದ್ದರು, ಭಟ್ಟಿಯಿಂದ ಮನೆಗೆ ಬಂದವರು ಊಟಕ್ಕೆ ತಡವಾದರೆ ನೋಡುತ್ತಿದ್ದ ಹಾಗೆ, ಒಂದಿಷ್ಟು ಸಿಟ್ಟಿನಲ್ಲಿ. ಗಾಡಿ ಬಂದು ನಿಂತಿತು. ಬಾಗಿಲು ಬಡಿಯುತ್ತಲೇ ಇತ್ತು. ಪದ್ಮರಾಜಯ್ಯನವರ ಮುಖ ಬಿಳಿಚಿಕೊಂಡಿತು. ಅವರು ಅಡ್ಡ ಹಿಡಿದಿದ್ದ ಕೈ ಇಳಿಸಿ ಗಾಡಿಯ ಕಡೆ ತಿರುಗಿ ನಿಂತು, "ಹೋಗಮ್ಮ, ಒಳಗೆ ಹೋಗು ಮೊದ್ಲು" ಎಂದರು. ನಾನು ಇವರ ತೋಳಿನ ಕೆಳಗಿಂದ ನುಸುಳಿ ಒಳಗೆ ಬಿದ್ದೆ. ಆಗ ಇವರು ಕಾಲು ಎತ್ತಿಕೊಂಡರು. ಬಾಗಿಲು ಮುಚ್ಚಿತು.

ಹೊರಗಿನಿಂದ ಪದ್ಮರಾಜಯ್ಯ ಹೇಳಿದ್ದು ಕೇಳಿಸಿತು, "ಈ ಮನೇಲಿ ಒಬ್ಬರೇ ಇರೋದು ಅಂತ ಹೇಳ್ತೀನಿ. ನೀವು ಹೊರಗೆ ಕಾಣಿಸ್ಕೋಬೇಡಿ ಅಮ್ಮ, ನನ್ನ ಕೆಲಸ ಹೋಗ್ತದೆ." ಗಾಡಿ ಖಾಲಿ ಹೋಯಿತು.

ಈಗ ನಾನು ನನ್ನ ಮನೆಯಲ್ಲಿ ಇಲ್ಲದವಳು. ಮುಂದಿನ ಶ್ರಾವಣದವರೆಗೆ ನನ್ನ ಮಾತು ಕೇಳುವ ಗೋಡೆ ಒಂದೂ ಇಲ್ಲ. ಸಾಹೇಬರು ಬೀದಿಯಲ್ಲಿ ನಿಂತು ಕಿಟಕಿಯ ಮೂಲಕ ತರಕಾರಿ ಕೊಟ್ಟು ಹೋಗುತ್ತಾರೆ. ಇವರು ಮಲಗಿದ್ದಾಗ ಉಸಿರು ಸ್ವಲ್ಪ ಏರುಪೇರಾದರೂ ನನ್ನ ಜೀವ ಬಾಯಿಗೆ ಬರುತ್ತದೆ. ಇವರಿಗೆ ಏನಾದರೂ ಆದರೆ ಬಾಗಿಲು ತೆರೆದು ಯಾರನ್ನೂ ಒಳಗೆ ಕರೆಯಲಾರೆ. ಆ ಯೋಚನೆ ಬಂದರೆ ಕಣ್ಣು ಕತ್ತಲಿಡುತ್ತದೆ, ಅದಕ್ಕೆ ಯೋಚಿಸುವುದನ್ನೇ ಬಿಡಲು ನೋಡುತ್ತೇನೆ, ಆಗುವುದಿಲ್ಲ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ನನಗೆ ವಿಪರೀತ ದಾಹವಾಯಿತು. ಇವರು ಆಗಷ್ಟೇ ಕಣ್ಣು ಮುಚ್ಚಿದ್ದರು, ಕಾಲಿನ ಪಟ್ಟಿಯನ್ನು ನಾನೇ ಬಿಗಿದು ಮಲಗಿಸಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಕೇಳಲು ಏನೋ ಸಂಕೋಚ. ಸುಮ್ಮನೆ ಗೋಡೆಗೆ ಒರಗಿ ಎಂಜಲು ನುಂಗಿಕೊಂಡು ಕೂತೆ. ಅವರು ಒಂದು ಕಣ್ಣು ತೆರೆದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಲುಗುತ್ತಾ ಎದ್ದು, ಗೋಡೆ ಹಿಡಿದು ನಡೆದು, ಹಲಗೆಯ ಬಲಮೂಲೆಗೆ ತಟ್ಟಿ, ಲೋಟ ತುಂಬಿಸಿಕೊಂಡು, ಅರ್ಧಕ್ಕರ್ಧ ನೆಲದ ಮೇಲೆ ಚೆಲ್ಲುತ್ತಾ ತಂದು ನನ್ನ ತುಟಿಗೇ ಹಿಡಿದರು. ನಾನು ಬಾಯಿ ತೆರೆದು ಕುಡಿದೆ.